ಪುಟ್ಟ ಕಾರು, ಪ್ರಬಲ ಎಂಜಿನು

ಎತ್ತಿನ ಗಾಡಿಯನ್ನು ಇಟ್ಟುಕೊಂಡ ರೈತನೊಬ್ಬನು ತನ್ನ ಮುದಿ ಎತ್ತುಗಳನ್ನು ಬಿಟ್ಟು, ಕಸುವುಳ್ಳ ಹೊಸ ಜೋಡಿಯೊಂದನ್ನು ತಂದನೆಂದು ಭಾವಿಸೋಣ. ಅವುಗಳನ್ನು ಹೂಡುವ ಮುನ್ನ ಅವನು ನೊಗವನ್ನು ಎತ್ತಿ ನೋಡುತ್ತಾನೆ. ಮೂಕಿಯ ಕಟ್ಟನ್ನು ಬಿಗಿ ಮಾಡುತ್ತಾನೆ. ಅಚ್ಚು ಸವೆದಿದೆಯೇ, ಕಡಾಣಿ ಭದ್ರವಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಎಳೆಯುವ ಬಲ ಹೆಚ್ಚಿದಾಗ ಅದರ ಭಾರವು ಗಾಡಿಯ ಒಂದೊಂದು ಅಂಗದ ಮೇಲೂ ಬೀಳುತ್ತದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೋಟಾರು ಕಾರಿನ ವಿಷಯದಲ್ಲಿ ಈ ತಿಳಿವಳಿಕೆ ಅಷ್ಟು ಸುಲಭವಾಗಿ ಬರುವುದಿಲ್ಲ. ನಿತ್ಯದ ಓಡಾಟಕ್ಕೆಂದು ಮಾಡಿದ ಚಿಕ್ಕ ಕಾರಿನಲ್ಲಿ ಹೆಚ್ಚು ಬಲದ ಎಂಜಿನನ್ನು ಕೂರಿಸಿ, ಅದನ್ನು ಪಂದ್ಯದ ಕಾರಿನಂತೆ ಓಡಿಸಬೇಕೆಂಬ ಆಸೆ ಬಹಳ ಹಳೆಯದು. ಹಾಗೆ ಮಾಡಿದವರು ಅನೇಕರು. ಚೆನ್ನಾಗಿ ಮಾಡಿದವರು ಕೆಲವರು. ಆ ಕೆಲವರ ಸಾಲಿನಲ್ಲಿ ಇಂಗ್ಲೆಂಡಿನ ಜಾನ್ ಕೂಪರ್ ಅವರ ಹೆಸರು ಮೊದಲಿಗೆ ಬರುತ್ತದೆ. ಅವರು ಕೈಹಾಕಿದ ಪುಟ್ಟ ಕಾರಿನ ಹೆಸರು ಮಿನಿ.

ಮಿನಿಯು ವೇಗಕ್ಕಾಗಿ ಹುಟ್ಟಿದ ಕಾರಲ್ಲ. ಅದು ಹುಟ್ಟಿದ್ದು ಪೆಟ್ರೋಲಿನ ಅಭಾವದಲ್ಲಿ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ ಬ್ರಿಟನ್ನಿಗೆ ತೈಲ ಬರುವ ದಾರಿ ಕಡಿದುಹೋಯಿತು. ಆ ದೇಶದಲ್ಲಿ ಪೆಟ್ರೋಲನ್ನು ಪಡಿತರದಂತೆ ಅಳೆದು ಕೊಡಬೇಕಾದ ಕಾಲ ಬಂದಿತು. ಆಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥರಾಗಿದ್ದ ಲೆನರ್ಡ್ ಲಾರ್ಡ್ ಅವರು, ಅಲೆಕ್ ಇಸ್ಸಿಗೋನಿಸ್ ಎಂಬ ವಿನ್ಯಾಸಕಾರರನ್ನು ಕರೆದು, ನಾಲ್ವರು ಕುಳಿತುಕೊಳ್ಳಬಲ್ಲ, ಅತಿ ಕಡಿಮೆ ಇಂಧನವನ್ನು ಬೇಡುವ, ಸಾಧ್ಯವಾದಷ್ಟು ಚಿಕ್ಕದಾದ ಕಾರೊಂದನ್ನು ರಚಿಸಿಕೊಡುವಂತೆ ಕೇಳಿದರು. ಸ್ಮರ್ನಾ ಪಟ್ಟಣದಲ್ಲಿ 1906ರಲ್ಲಿ ಜನಿಸಿ, ಮುಂದೆ ಇಂಗ್ಲೆಂಡಿನಲ್ಲಿ ನೆಲಸಿದ ಇಸ್ಸಿಗೋನಿಸ್ ಅವರು ಹಟವಾದಿ; ತಮಗೆ ಸರಿಯೆಂದು ತೋರಿದುದನ್ನು ಬಿಟ್ಟುಕೊಡುವ ಸ್ವಭಾವ ಅವರದಲ್ಲ.

1959ನೆಯ ಆಗಸ್ಟ್ ತಿಂಗಳಿನಲ್ಲಿ ಮಿನಿ ಹೊರಬಂದಾಗ ಜನ ಬೆರಗಾದರು. ಅದರ ಉದ್ದ ಕೇವಲ ಹತ್ತು ಅಡಿ. ತೂಕ ಸುಮಾರು 600 ಕಿಲೋಗ್ರಾಂ. ಅಂದಿನ ಬಹುತೇಕ ಕಾರುಗಳಲ್ಲಿ ಎಂಜಿನು ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದಿತು. ಇಸ್ಸಿಗೋನಿಸ್ ಅವರು ಎಂಜಿನನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರು. ಗೇರುಪೆಟ್ಟಿಗೆಯನ್ನು ಅದರ ಕೆಳಗೆ, ಎಂಜಿನಿನ ಎಣ್ಣೆ ನಿಲ್ಲುವ ತೊಟ್ಟಿಯೊಳಗೇ ಅಡಗಿಸಿದರು. ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವಂತೆ ಮಾಡಿದರು. ಚಕ್ರಗಳ ವ್ಯಾಸ ಹತ್ತೇ ಅಂಗುಲ. ಹೀಗೆ ಯಂತ್ರಭಾಗವೆಲ್ಲ ಮೂಗಿನ ತುದಿಯಲ್ಲಿ ಮುದುರಿ ಕುಳಿತುದರಿಂದ ಗಾಡಿಯ ಹೆಚ್ಚಿನ ಜಾಗವೆಲ್ಲ ಮನುಷ್ಯರಿಗೂ ಅವರ ಗಂಟುಮೂಟೆಗಳಿಗೂ ಉಳಿಯಿತು.

ಅದರ ಎಂಜಿನಿನ ಗಾತ್ರ 848 ಘನ ಸೆಂಟಿಮೀಟರು; ಬಲ 34 ಅಶ್ವಶಕ್ತಿ. ಗಂಟೆಗೆ ಸುಮಾರು 116 ಕಿಲೋಮೀಟರು ಅದರ ಗರಿಷ್ಠ ವೇಗ. ಪ್ರಯೋಗಕ್ಕಾಗಿ ಮಾಡಿದ ಮೊದಲ ಮಾದರಿಗಳಲ್ಲಿ 948 ಘನ ಸೆಂಟಿಮೀಟರಿನ ಎಂಜಿನು ಇದ್ದಿತು. ಇಷ್ಟು ಸಣ್ಣ ಗಾಡಿಗೆ ಆ ವೇಗ ಅತಿಯಾಯಿತೆಂದು ತಯಾರಕರೇ ಅದನ್ನು ಕುಗ್ಗಿಸಿದ್ದರು. ಮುಂದೆ ನಡೆದುದನ್ನು ತಿಳಿಯುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಜಾನ್ ಕೂಪರ್ ಅವರು ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದವರು. ಲಂಡನ್ನಿಗೆ ಸಮೀಪದ ಸರ್ಬಿಟನ್ ಎಂಬಲ್ಲಿ ಅವರ ಕಾರ್ಖಾನೆ ಇದ್ದಿತು. ಎಂಜಿನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಅವರ ಹಗುರವಾದ ಕಾರುಗಳು 1959 ಮತ್ತು 1960ರಲ್ಲಿ ಜಾಗತಿಕ ಸ್ಪರ್ಧೆಯ ತಯಾರಕರ ಪ್ರಶಸ್ತಿಯನ್ನು ಗೆದ್ದಿದ್ದವು. ಮಿನಿಯನ್ನು ಓಡಿಸಿ ನೋಡಿದ ಕೂಪರ್ ಅವರಿಗೆ, ಅದು ತಿರುವುಗಳಲ್ಲಿ ನೆಲವನ್ನು ಹಿಡಿದು ಸಾಗುವ ರೀತಿ ಬಹಳವಾಗಿ ಮೆಚ್ಚುಗೆಯಾಯಿತು. ಈ ಗಾಡಿಯ ಮೈಕಟ್ಟು ಅದರ ಎಂಜಿನಿಗಿಂತ ಸಮರ್ಥವಾಗಿದೆ ಎಂದು ಅವರು ಕಂಡುಕೊಂಡರು. ಇಸ್ಸಿಗೋನಿಸ್ ಅವರು ಕೂಪರ್ ಅವರ ಮಿತ್ರರೇ ಆಗಿದ್ದರೂ ಈ ಸಲಹೆಯನ್ನು ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಮಿನಿ ಸಾಮಾನ್ಯ ಜನರ ಕಾರು. ಅದಕ್ಕೆ ಪಂದ್ಯದ ಗೊಡವೆ ಬೇಡ. ಕೂಪರ್ ಅವರು ಸಂಸ್ಥೆಯ ಹಿರಿಯ ಅಧಿಕಾರಿ ಜಾರ್ಜ್ ಹ್ಯಾರಿಮನ್ ಅವರ ಬಳಿಗೆ ಹೋದರು. ಹ್ಯಾರಿಮನ್ ಅವರು ಒಂದು ಸಾವಿರ ಕಾರುಗಳನ್ನು ಮಾಡಿ ನೋಡಲು ಒಪ್ಪಿದರು. ಕೂಪರ್ ಅವರಿಗೆ ಕಾರೊಂದಕ್ಕೆ ಎರಡು ಪೌಂಡು ಗೌರವಧನವೆಂದು ನಿರ್ಧಾರವಾಯಿತು. ಸಾವಿರ ಕಾರುಗಳಾದರೂ ಮಾರಾಟವಾದಾವೇ ಎಂಬ ಅನುಮಾನ ಅವರಿಗಿದ್ದಿತು.

ಇನ್ನು ಬಲವನ್ನು ಹೆಚ್ಚಿಸಿದ ಬಗೆಯನ್ನು ನೋಡಬೇಕು. ಎಂಜಿನಿನ ಸಿಲಿಂಡರಿನೊಳಗೆ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು, ಕಿಡಿಯಿಂದ ಹೊತ್ತಿ, ಉಬ್ಬಿ, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತವೆ. ಹೆಚ್ಚು ಬಲ ಬೇಕಾದರೆ ಪ್ರತಿ ನಿಮಿಷಕ್ಕೆ ಹೆಚ್ಚು ಮಿಶ್ರಣವನ್ನು ಉರಿಸಬೇಕು. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು: ಸಿಲಿಂಡರುಗಳನ್ನು ದೊಡ್ಡದು ಮಾಡುವುದು, ಇಲ್ಲವೆ ಎಂಜಿನನ್ನು ಹೆಚ್ಚು ಬಿರುಸಾಗಿ ತಿರುಗಿಸುವುದು. 1961ರಲ್ಲಿ ಹೊರಬಂದ ಮಿನಿ ಕೂಪರ್ ಎರಡನ್ನೂ ಮಾಡಿತು. ಪಿಸ್ಟನ್ನು ಮೇಲೆ ಕೆಳಗೆ ಸಾಗುವ ದೂರವನ್ನು 68 ಮಿಲಿಮೀಟರುಗಳಿಂದ 81 ಮಿಲಿಮೀಟರುಗಳಿಗೆ ಏರಿಸಿದುದರಿಂದ ಎಂಜಿನಿನ ಗಾತ್ರ 997 ಘನ ಸೆಂಟಿಮೀಟರು ಆಯಿತು. ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿಕೊಡುವ ಕಾರ್ಬುರೇಟರು ಒಂದಿದ್ದಲ್ಲಿ ಎರಡಾಯಿತು. ಬಲ 34ರಿಂದ 55 ಅಶ್ವಶಕ್ತಿಗೆ ಏರಿತು. ಗೇರುಗಳ ಅನುಪಾತವನ್ನೂ ಹೊಸ ಬಲಕ್ಕೆ ಹೊಂದುವಂತೆ ಬದಲಿಸಲಾಯಿತು.

ಬೇರೆಯೇ ಒಂದು ದೊಡ್ಡ ಎಂಜಿನನ್ನು ತಂದು ಕೂರಿಸಬಹುದಾಗಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಮಿನಿಯ ಮೂಗಿನಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ಗೇರುಪೆಟ್ಟಿಗೆ ಎಂಜಿನಿನ ಹೊಟ್ಟೆಯಲ್ಲೇ ಇದ್ದುದರಿಂದ ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕಾಗುತ್ತಿದ್ದಿತು. ಆದುದರಿಂದ ಅದೇ ಮನೆತನದ ಹಿರಿಯ ಎಂಜಿನೇ ಅದಕ್ಕೆ ತಕ್ಕದ್ದಾಯಿತು. ಇದಕ್ಕೆ ಬೇರೆಯಾದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಅಂಬಾಸಿಡರ್ ಕಾರು ಇದೇ ಬ್ರಿಟಿಷ್ ಸಂಸ್ಥೆಯ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಅದು ಬಹುಕಾಲ 1489 ಘನ ಸೆಂಟಿಮೀಟರಿನ ಹಳೆಯ ಎಂಜಿನಿನಿಂದಲೇ ಓಡಿತು. 1990ರ ದಶಕದಲ್ಲಿ ಜಪಾನಿನ ಇಸುಜು ಸಂಸ್ಥೆಯ 1.8 ಲೀಟರಿನ, ಸುಮಾರು 75 ಅಶ್ವಶಕ್ತಿಯ ಎಂಜಿನು ಅದರೊಳಗೆ ಬಂದಿತು. ವಿಶಾಲವಾದ ಬಾನೆಟ್ಟಿನ ಕೆಳಗೆ ಪರದೇಶದ ಎಂಜಿನಿಗೂ ಧಾರಾಳವಾಗಿ ಜಾಗ ದೊರೆಯಿತು. ಆದರೆ ಅಲ್ಲಿಯೂ ಎಂಜಿನು ಒಂಟಿಯಾಗಿ ಬರಲಿಲ್ಲ. ಐದು ಗೇರುಗಳ ಹೊಸ ಪೆಟ್ಟಿಗೆಯನ್ನು ಜೊತೆಗೆ ಕರೆದುಕೊಂಡೇ ಬಂದಿತು. ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರು ಹಿಡಿಕೆ ನೆಲಕ್ಕೆ ಇಳಿಯಿತು.

ಮಿನಿಯ ಲೆಕ್ಕಕ್ಕೆ ಬರೋಣ. ಬಲವು 34ರಿಂದ 55ಕ್ಕೆ ಏರಿತೆಂದರೆ ನೂರಕ್ಕೆ ಅರವತ್ತಕ್ಕೂ ಮೀರಿ ಹೆಚ್ಚಿತೆಂದಾಯಿತು. ಹಾಗಾದರೆ ವೇಗವೂ ಅಷ್ಟೇ ಪ್ರಮಾಣದಲ್ಲಿ ಏರಬೇಕಾಗಿತ್ತಲ್ಲವೇ? ಏರಲಿಲ್ಲ. ಗಂಟೆಗೆ 116 ಕಿಲೋಮೀಟರು ಇದ್ದುದು ಸುಮಾರು 137 ಆಯಿತು. ಏರಿಕೆ ನೂರಕ್ಕೆ ಹದಿನೆಂಟು ಮಾತ್ರ. ಇದಕ್ಕೆ ಕಾರಣ ಗಾಳಿ. ವೇಗವಾಗಿ ಓಡುವ ಕಾರಿಗೆ ಗಾಳಿಯು ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆ ತಡೆಯನ್ನು ಭೇದಿಸಿ ಅದೇ ವೇಗದಲ್ಲಿ ಸಾಗಲು ಬೇಕಾದ ಬಲವು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. 1.18ನ್ನು ಮೂರು ಸಲ ಗುಣಿಸಿದರೆ ದೊರೆಯುವುದು ಸುಮಾರು 1.64, 55ನ್ನು 34ರಿಂದ ಭಾಗಿಸಿದರೆ ದೊರೆಯುವುದು 1.62. ಲೆಕ್ಕವೂ ಗಾಡಿಯೂ ಇಷ್ಟು ಹತ್ತಿರ ಬರುವುದನ್ನು ಕಂಡರೆ ಗಣಿತದ ಮೇಲೆ ಪ್ರೀತಿ ಹುಟ್ಟದಿರದು. ಗರಿಷ್ಠ ವೇಗವನ್ನು ಇಮ್ಮಡಿಗೊಳಿಸಲು ಬಯಸುವವನು ಎಂಜಿನಿನ ಬಲವನ್ನು ಎಂಟು ಮಡಿ ಹೆಚ್ಚಿಸಬೇಕಾಗುತ್ತದೆ! ಹೊಸ ಬಲದ ನಿಜವಾದ ಪ್ರಯೋಜನ ಬೇರೆ ಕಡೆ ಇದೆ: ಗಾಡಿ ಬೇಗ ವೇಗವನ್ನು ಗಳಿಸುತ್ತದೆ, ಏರುದಾರಿಯಲ್ಲಿ ಏದುಸಿರು ಬಿಡುವುದಿಲ್ಲ.

ವೇಗವನ್ನು ಗಳಿಸುವುದು ಒಂದು ಕೆಲಸ. ಗಳಿಸಿದ ವೇಗವನ್ನು ಕಳೆಯುವುದು ಇನ್ನೊಂದು. ಎಂಜಿನನ್ನು ಬದಲಿಸಲು ಹೊರಟ ಬಹುಮಂದಿ ಎಡವುವುದು ಇಲ್ಲಿಯೇ. ಚಲಿಸುವ ವಸ್ತುವಿನಲ್ಲಿ ತುಂಬಿರುವ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾದುದು. ವೇಗವು ನೂರಕ್ಕೆ ಹದಿನೆಂಟರಷ್ಟು ಹೆಚ್ಚಿದರೆ ಚಲನಶಕ್ತಿ ನೂರಕ್ಕೆ ನಲವತ್ತರಷ್ಟು ಹೆಚ್ಚುತ್ತದೆ. ಬ್ರೇಕನ್ನು ತುಳಿದಾಗ ಈ ಶಕ್ತಿ ಎಲ್ಲಿಗೆ ಹೋಗುತ್ತದೆ? ಅದು ನಾಶವಾಗುವುದಿಲ್ಲ, ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತದೆ. ಚಾಲಕನೂ ಸೇರಿ 700 ಕಿಲೋಗ್ರಾಂ ತೂಗುವ ಮಿನಿಯೊಂದು 116 ಕಿಲೋಮೀಟರು ವೇಗದಿಂದ ಪೂರ್ತಿ ನಿಲ್ಲುವಾಗ ಹೊರಬೀಳುವ ಶಾಖ, ಒಂದೂಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. 137 ಕಿಲೋಮೀಟರು ವೇಗದಿಂದಾದರೆ ಒಂದೂಮುಕ್ಕಾಲು ಲೀಟರು ನೀರು ಕುದಿಯಬಲ್ಲುದು. ಒಲೆಯ ಮೇಲೆ ಹಲವು ನಿಮಿಷ ಹಿಡಿಯುವ ಈ ಕೆಲಸ ಬ್ರೇಕಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಸಾಮಾನ್ಯ ಮಿನಿಯಲ್ಲಿ ಇದ್ದುದು ಡ್ರಮ್ ಬ್ರೇಕು. ಅದರಲ್ಲಿ ಚಕ್ರದೊಡನೆ ತಿರುಗುವ ಡೋಲಿನಾಕಾರದ ಲೋಹದ ಪೆಟ್ಟಿಗೆಯ ಒಳಗೋಡೆಗೆ ಎರಡು ಬಾಗಿದ ಪಟ್ಟಿಗಳು ಒತ್ತಿಕೊಂಡು ಗಾಡಿಯನ್ನು ನಿಲ್ಲಿಸುತ್ತವೆ. ಶಾಖ ಹುಟ್ಟುವುದು ಮುಚ್ಚಿದ ಪೆಟ್ಟಿಗೆಯ ಒಳಗೆ. ಬೇಗನೆ ಹೊರಗೆ ಹೋಗಲು ದಾರಿಯಿಲ್ಲ. ಕಾದ ಡ್ರಮ್ಮು ಹಿಗ್ಗಿ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಗಳ ಹಿಡಿತವೂ ಶಾಖದಿಂದ ಸಡಿಲವಾಗುತ್ತದೆ. ಚಾಲಕನು ಪೆಡಲನ್ನು ಎಷ್ಟು ತುಳಿದರೂ ಗಾಡಿ ಸಾಗುತ್ತಲೇ ಇರುತ್ತದೆ. ಆಗುಂಬೆ, ಚಾರ್ಮಾಡಿಗಳಂಥ ಘಾಟಿ ರಸ್ತೆಗಳನ್ನು ಇಳಿಯುವ ವಾಹನಗಳಿಂದ ಒಮ್ಮೊಮ್ಮೆ ಹೊರಡುವ ಸುಟ್ಟ ವಾಸನೆ ಈ ಅಪಾಯದ ಮುನ್ಸೂಚನೆಯೇ. ಅನುಭವಿಗಳಾದ ಚಾಲಕರು ಅಲ್ಲಿ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಯುವುದು ಇದೇ ಕಾರಣಕ್ಕಾಗಿ.

ಪಂದ್ಯದ ಕಾರುಗಳ ನಡುವೆ ಬಾಳಿದ ಕೂಪರ್ ಅವರಿಗೆ ಇದೆಲ್ಲ ಅಂಗೈಯ ನೆಲ್ಲಿಕಾಯಿ. ಮಿನಿ ಕೂಪರಿನ ಮುಂದಿನ ಚಕ್ರಗಳಿಗೆ ಅವರು ಡಿಸ್ಕ್ ಬ್ರೇಕನ್ನು ಹಾಕಿಸಿದರು. ಇದರಲ್ಲಿ ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಕಡೆಗಳಿಂದಲೂ ಚಿಮಟದಂತೆ ಹಿಡಿದು ನಿಲ್ಲಿಸಲಾಗುತ್ತದೆ. ತಟ್ಟೆಯು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಕಾದು ಹಿಗ್ಗಿದರೂ ಹಿಡಿತದಿಂದ ದೂರ ಸರಿಯುವುದಿಲ್ಲ. ಹಿಂದಿನ ಚಕ್ರಗಳಿಗೆ ಡ್ರಮ್ಮುಗಳೇ ಉಳಿದವು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೇ ದುಡಿಮೆ ಹೆಚ್ಚು. ಹತ್ತು ಅಂಗುಲದ ಚಕ್ರದೊಳಗೆ ಏಳು ಅಂಗುಲದ ತಟ್ಟೆಗಿಂತ ದೊಡ್ಡದನ್ನು ಹಿಡಿಸುವುದು ಆಗ ಸಾಧ್ಯವಾಗಲಿಲ್ಲ. ಮುಂದೆ ಬಲ ಇನ್ನೂ ಹೆಚ್ಚಿದಾಗ ತಟ್ಟೆಯು ಏಳೂವರೆ ಅಂಗುಲವಾಯಿತು, ದಪ್ಪವೂ ಹೆಚ್ಚಿತು, ಕಾಲಿನ ಒತ್ತಡಕ್ಕೆ ನೆರವಾಗುವ ಸಾಧನವೊಂದೂ ಸೇರಿತು.

ಹಾಗೆ ಬಲ ಹೆಚ್ಚಿಸಿಕೊಂಡ ಕಾರು 1963ರ ಕೂಪರ್ ಎಸ್. ಅದರ ಎಂಜಿನು 1071 ಘನ ಸೆಂಟಿಮೀಟರು, 70 ಅಶ್ವಶಕ್ತಿ. ಈ ಸಲ ಮಾಡಿದ ಬದಲಾವಣೆ ಮೊದಲಿನದಕ್ಕಿಂತ ಜಾಣತನದ್ದು. ಪಿಸ್ಟನ್ನಿನ ದಾರಿಯನ್ನು ಉದ್ದ ಮಾಡಿದರೆ ಅದೇ ಒಂದು ಸುತ್ತಿನಲ್ಲಿ ಅದು ಹೆಚ್ಚು ದೂರ ಓಡಬೇಕು. ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗುವಾಗ, 81 ಮಿಲಿಮೀಟರಿನ ದಾರಿಯಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16 ಮೀಟರು; 68 ಮಿಲಿಮೀಟರಿನ ದಾರಿಯಲ್ಲಿ 14 ಮೀಟರಿಗಿಂತ ಕಡಿಮೆ. ವೇಗ ಹೆಚ್ಚಿದಷ್ಟೂ ಸವೆತ ಹೆಚ್ಚು, ಮುರಿಯುವ ಭಯವೂ ಹೆಚ್ಚು. ಆದುದರಿಂದ ಕೂಪರ್ ಎಸ್ ಎಂಜಿನಿನಲ್ಲಿ ದಾರಿಯನ್ನು ಮತ್ತೆ 68 ಮಿಲಿಮೀಟರಿಗೆ ಇಳಿಸಿ, ಸಿಲಿಂಡರುಗಳನ್ನು ಅಗಲ ಮಾಡಿದರು. ಅಗಲ ಮಾಡಿದರೆ ನಡುವಿನ ಗೋಡೆಗಳು ತೆಳುವಾಗುತ್ತವೆಯಷ್ಟೆ. ಅದಕ್ಕಾಗಿ ಎರಡು ತುದಿಯ ಸಿಲಿಂಡರುಗಳನ್ನು ಹೊರಕ್ಕೆ ಸರಿಸಿ, ನಡುವಿನ ಎರಡನ್ನು ಪರಸ್ಪರ ಹತ್ತಿರಕ್ಕೆ ತಂದು, ಇದ್ದಷ್ಟು ಲೋಹದಲ್ಲಿಯೇ ಜಾಗವನ್ನು ಹೊಂದಿಸಿಕೊಂಡರು.

1964ರ ಜನವರಿಯಲ್ಲಿ ಈ ಪುಟ್ಟ ಕಾರು ಮಾಂಟೆ ಕಾರ್ಲೊ ರ್‍ಯಾಲಿಗೆ ಇಳಿಯಿತು. ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟ ಕಾರುಗಳು ಹಿಮ ಮುಸುಕಿದ ರಸ್ತೆಗಳಲ್ಲಿ ಸಾವಿರಾರು ಕಿಲೋಮೀಟರು ಸಾಗಿ, ಆಲ್ಪ್ಸ್ ಪರ್ವತದ ಕಡಿದಾದ ತಿರುವುಗಳನ್ನು ದಾಟಿ ಮೊನಾಕೊ ಸೇರುವ ಪಂದ್ಯ ಅದು. ಐರ್ಲೆಂಡಿನ ಪ್ಯಾಡಿ ಹಾಪ್‌ಕಿರ್ಕ್ ಅವರು ಮಿನ್ಸ್ಕ್ ನಗರದಿಂದ ಹೊರಟು ವಿಜಯಿಯಾದರು. ನಾಲ್ಕು ಲೀಟರಿಗೂ ಮೀರಿದ ಎಂಜಿನಿನ ಅಮೆರಿಕದ ಫೋರ್ಡ್ ಫಾಲ್ಕನ್ ಕಾರು ಅವರ ಪ್ರತಿಸ್ಪರ್ಧಿಯಾಗಿದ್ದಿತು. ನೇರ ಓಟದ ಕಾಲವನ್ನಷ್ಟೇ ಎಣಿಸಿದ್ದರೆ ಗೆಲುವು ಫಾಲ್ಕನ್ನಿನದಾಗುತ್ತಿತ್ತು. ಸಣ್ಣ ಎಂಜಿನುಗಳಿಗೆ ಅಂದಿನ ನಿಯಮಗಳಲ್ಲಿ ರಿಯಾಯಿತಿ ಇದ್ದಿತು. ಆದರೂ ಅಷ್ಟು ಸಮೀಪದಲ್ಲಿ ಅಂಥ ದೈತ್ಯನ ಬೆನ್ನು ಹತ್ತಿದುದೇ ಒಂದು ಸಾಹಸ. 1965ರಲ್ಲಿ ಟಿಮೊ ಮಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಅವರು ಮಿನಿಯಲ್ಲಿಯೇ ಗೆದ್ದರು. 1966ರಲ್ಲಿ ಮೊದಲ ಮೂರೂ ಸ್ಥಾನಗಳು ಮಿನಿಗಳಿಗೇ ಬಂದಿದ್ದರೂ, ಮುಂದೀಪಗಳು ನಿಯಮಕ್ಕೆ ಅನುಗುಣವಾಗಿಲ್ಲವೆಂದು ಅವುಗಳನ್ನು ಅನರ್ಹಗೊಳಿಸಲಾಯಿತು.

ಇಷ್ಟು ಬಲ್ಲವರಾದ ಕೂಪರ್ ಅವರೂ ಬಲದ ಆಸೆಯಿಂದ ಪೂರ್ತಿಯಾಗಿ ಪಾರಾಗಲಿಲ್ಲ. ಮಿನಿಗೆ ಮುಂದೊಂದು, ಹಿಂದೊಂದು, ಹೀಗೆ ಎರಡು ಎಂಜಿನುಗಳನ್ನು ಕೂರಿಸಿದರೆ ಹೇಗೆ ಎಂಬ ವಿಚಾರ 1960ರ ದಶಕದಲ್ಲಿ ಹುಟ್ಟಿತು. ಇಸ್ಸಿಗೋನಿಸ್ ಅವರ ಕಡೆಯವರೂ ಅಂಥ ಕಾರನ್ನು ಮಾಡಿದರು. ಕೂಪರ್ ಅವರೂ ಮಾಡಿದರು. ನಾಲ್ಕು ಚಕ್ರಗಳೂ ಎಳೆಯುವ, ಎರಡು ಎಂಜಿನುಗಳ ಬಲವುಳ್ಳ ಆ ಕಾರನ್ನು ಕೂಪರ್ ಅವರು ಒಂದು ದಿನ ತಾವೇ ಓಡಿಸುತ್ತಿದ್ದಾಗ, ಲಂಡನ್ನಿನ ಸಮೀಪದ ಕಿಂಗ್‌ಸ್ಟನ್ ಬೈಪಾಸ್ ರಸ್ತೆಯಲ್ಲಿ ಅದು ಮಗುಚಿಕೊಂಡಿತು. ಅವರಿಗೆ ತೀವ್ರವಾದ ಗಾಯಗಳಾದವು. ಅವರು ಚೇತರಿಸಿಕೊಂಡರು, ಜೋಡಿ ಎಂಜಿನಿನ ಯೋಜನೆ ಮಾತ್ರ ಅಲ್ಲಿಗೇ ನಿಂತಿತು.

ರಸ್ತೆಯಲ್ಲಿ ಹೋಗುವ ಕಾರಿನ ಬ್ರೇಕು ವಿಫಲವಾದರೆ ಅದರ ಫಲವನ್ನು ಕಾರಿನೊಳಗಿರುವವರಷ್ಟೇ ಉಣ್ಣುವುದಿಲ್ಲ. ಏನನ್ನೂ ಅರಿಯದೆ ರಸ್ತೆ ದಾಟುತ್ತಿರುವವರೂ ಉಣ್ಣಬೇಕಾಗುತ್ತದೆ. ಈ ಕಾರಣದಿಂದ ವಾಹನವನ್ನು ಮನಬಂದಂತೆ ಬದಲಿಸುವುದಕ್ಕೆ ಸರ್ಕಾರಗಳು ಕಟ್ಟು ಹಾಕಿವೆ. ಭಾರತದ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೊದಲಿಗೆ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಹೊಂದಿಕೆ ತಪ್ಪುವಂತೆ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವೂ 2019ರ ತೀರ್ಪೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಎಂಜಿನಿನ ಸಂಖ್ಯೆ, ಅದರ ಗಾತ್ರ ಎರಡೂ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತವೆ. ಆದುದರಿಂದ ಬೇರೊಂದು ಜಾತಿಯ ಪ್ರಬಲ ಎಂಜಿನನ್ನು ಗುಟ್ಟಾಗಿ ಕೂರಿಸಿದ ಕಾರು ನೋಡಲು ಎಷ್ಟೇ ಸೊಗಸಾಗಿದ್ದರೂ ರಸ್ತೆಗೆ ಅರ್ಹವಲ್ಲ. ಕೂಪರ್ ಅವರು ಬದಲಾವಣೆಗಳನ್ನು ಮಾಡಿದ್ದು ತಯಾರಕರ ಕಾರ್ಖಾನೆಯೊಳಗೆ, ಅವರ ಒಪ್ಪಿಗೆಯಿಂದ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಕೂಪರ್ ಹೆಸರಿನ ಮಿನಿಗಳ ತಯಾರಿಕೆ 1971ರಲ್ಲಿ ನಿಂತು, 1990ರಲ್ಲಿ ಮತ್ತೆ ಆರಂಭವಾಯಿತು. 2000ದ ಅಕ್ಟೋಬರಿನಲ್ಲಿ ಹಳೆಯ ವಿನ್ಯಾಸದ ಕಡೆಯ ಮಿನಿ ಕಾರ್ಖಾನೆಯಿಂದ ಹೊರಬಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾನ್ ಕೂಪರ್ ಅವರು ತೀರಿಕೊಂಡರು. ಒಂದು ಸಾವಿರ ಮಾರಾಟವಾದೀತೇ ಎಂಬ ಅನುಮಾನದಿಂದ ಆರಂಭವಾದ ಅವರ ಕಾರಿನಿಂದ ಸಾಮಾನ್ಯ ಮಿನಿಗೂ ಒಂದು ವಸ್ತು ಬಳುವಳಿಯಾಗಿ ಬಂದಿದ್ದಿತು. 1984ರಲ್ಲಿ ಎಲ್ಲ ಮಿನಿಗಳಿಗೂ ಹತ್ತು ಅಂಗುಲದ ಚಕ್ರಗಳ ಬದಲು ಹನ್ನೆರಡು ಅಂಗುಲದವನ್ನು ಹಾಕತೊಡಗಿದರು. ಅಂದಿನಿಂದ, ಅತ್ಯಂತ ಕಡಿಮೆ ಬಲದ ಮಿನಿಯ ಮುಂದಿನ ಚಕ್ರಗಳಲ್ಲಿಯೂ ಡಿಸ್ಕ್ ಬ್ರೇಕೇ ಇದ್ದಿತು.